ಮೊದಲ ಪಾಠದ ಹೂವು

ಜಪಾನ್ ಎಂದರೆ ನಮ್ಮ ಊರುಗಳ ಮನೆಗಳಲ್ಲಿ ಬಹಳ ವರ್ಷ ಒಂದೇ ಚಿತ್ರವಿತ್ತು. ಬ್ಯಾಂಕಿನವರೋ ಬಟ್ಟೆ ಅಂಗಡಿಯವರೋ ಕೊಟ್ಟ ಕ್ಯಾಲೆಂಡರಿನಲ್ಲಿ ಹಿಮ ಹೊದ್ದ ಫ್ಯೂಜಿ ಪರ್ವತ, ಅದರ ಮುಂದೆ ತಿಳಿಗುಲಾಬಿ ಹೂ ತುಂಬಿದ ಒಂದು ಕೊಂಬೆ. ತಿಂಗಳು ಮುಗಿದರೂ ಆ ಹಾಳೆ ಹರಿಯಲು ಮನಸ್ಸು ಬಾರದೆ, ಎಷ್ಟೋ ಮಂದಿ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದುಂಟು. ಆ ಚಿತ್ರದಲ್ಲಿ ಮನುಷ್ಯರೇ ಇರುತ್ತಿರಲಿಲ್ಲ. ಆ ಹೂವಿನ ಕೆಳಗೆ ಯಾರು ಬಟ್ಟೆ ಒಣಗಿಸುತ್ತಾರೆ, ಯಾರು ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ, ಯಾರು ಅಳುತ್ತಾರೆ ಎಂಬುದನ್ನು ಕ್ಯಾಲೆಂಡರ್ ಹೇಳುವುದಿಲ್ಲ.

ಮೂವತ್ತು ವರ್ಷದಿಂದ ಶಾಲೆಯಲ್ಲಿ ಸಮಾಜ ಪಾಠ ಹೇಳುತ್ತಾ ಬಂದ ನನಗೆ ಇನ್ನೊಂದು ಜಪಾನ್ ಪರಿಚಯವಿತ್ತು. ಮೇಜಿ ಕಾಲದ ಸುಧಾರಣೆ, ಪರ್ಲ್ ಹಾರ್ಬರ್, ಹಿರೋಶಿಮಾ. ಎರಡು ಅಂಕದ ಪ್ರಶ್ನೆ, ಐದು ಅಂಕದ ಪ್ರಶ್ನೆ. ಹೂವಿನ ಜಪಾನನ್ನೂ ಯುದ್ಧದ ಜಪಾನನ್ನೂ ಒಂದೇ ಮರದ ಕೆಳಗೆ ನಿಂತು ನೋಡುವ ಅವಕಾಶ ಒದಗಿದ್ದು 2024ರ ವಸಂತದಲ್ಲಿ. ಮಗಳು ಅಳಿಯ ಟೋಕಿಯೊದ ಸುಗಾಮೊ ಎಂಬ ಬಡಾವಣೆಯ ಹತ್ತಿರ ಬಾಡಿಗೆ ಮನೆಯಲ್ಲಿದ್ದರು. ಮೊಮ್ಮಗಳು ಆ ಏಪ್ರಿಲ್‌ನಲ್ಲಿ ಒಂದನೇ ತರಗತಿಗೆ ಸೇರುವವಳಿದ್ದಳು. ಗಳಿಕೆ ರಜೆ ಹಾಕಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟೆ.

ಮಾರ್ಚ್ ಕಡೆಯ ವಾರ ನಾನು ಇಳಿದಾಗ ಊರೆಲ್ಲ ಕಾಯುತ್ತಿತ್ತು. ನಮ್ಮಲ್ಲಿ ಮುಂಗಾರು ಕೇರಳಕ್ಕೆ ಬಂತೇ ಎಂದು ಸುದ್ದಿ ನೋಡುತ್ತೇವಲ್ಲ, ಅಲ್ಲಿ ಹಾಗೆ ಹೂವಿನ ಸುದ್ದಿ. ದಕ್ಷಿಣದ ಕ್ಯೂಶೂ ದ್ವೀಪದಲ್ಲಿ ಮಾರ್ಚ್ ಕೊನೆಗೆ ಅರಳಲು ಆರಂಭಿಸುವ ಚೆರಿ ಹೂವು ಉತ್ತರಕ್ಕೆ ಸರಿಯುತ್ತಾ ಹೊಕ್ಕೈಡೋ ಮುಟ್ಟುವಾಗ ಮೇ ತಿಂಗಳು ಬಂದಿರುತ್ತದೆ. ಆ ಮುನ್ನಡೆಯನ್ನು ನಕ್ಷೆಯ ಮೇಲೆ ಗೆರೆ ಎಳೆದು ಟಿ.ವಿ.ಯಲ್ಲಿ ತೋರಿಸುತ್ತಾರೆ. ಪ್ರತಿ ಊರಿಗೂ ಒಂದು ಮಾದರಿ ಮರ ಗೊತ್ತುಮಾಡಿದ್ದಾರೆ. ಹವಾಮಾನ ಇಲಾಖೆಯವರು ಬಂದು ಎಣಿಸಿ, ಐದಾರು ಹೂ ಬಿಟ್ಟಿದ್ದರೆ ‘ಅರಳಿತು’ ಎಂದು ಘೋಷಿಸುತ್ತಾರೆ. ಟೋಕಿಯೊದಲ್ಲಿ ಆ ವರ್ಷ ಘೋಷಣೆ ಬಂದದ್ದು ಮಾರ್ಚ್ 29ಕ್ಕೆ, ವಾಡಿಕೆಗಿಂತ ಐದು ದಿನ ತಡವಾಗಿ. ಟೋಕಿಯೊದ ಮಾದರಿ ಮರ ಇರುವುದು ಯಾಸುಕುನಿ ಎಂಬ ಶಿಂಟೋ ಗುಡಿಯ ಅಂಗಳದಲ್ಲಿ. ಈ ಗುಡಿಯ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೂವಿಗೆ ಮೊದಲೇ ಅಡುಗೆಮನೆಗೆ ವಸಂತ ಬಂದಿತ್ತು. ತರಕಾರಿ ಅಂಗಡಿಯಲ್ಲಿ ಮಣ್ಣು ಮೆತ್ತಿದ ಕಳಲೆ! ಮಲೆನಾಡಿನ ಹೆಂಗಸಿಗೆ ಬೇರೆ ಪರಿಚಯ ಬೇಕೇ? ನಮ್ಮಲ್ಲಿ ನೀರು ಬದಲಾಯಿಸುತ್ತಾ ನೆನೆಸಿಟ್ಟು ಕಹಿ ತೆಗೆದರೆ, ಅವರು ಅಕ್ಕಿಯ ತೌಡು ಹಾಕಿ ಬೇಯಿಸುತ್ತಾರೆ. ಬಿಸಿಲು ಬಂದ ದಿನ ಎಲ್ಲ ಮನೆಗಳ ಬಾಲ್ಕನಿಯಲ್ಲೂ ಹಾಸಿಗೆಗಳು ಒಣಗುತ್ತಿದ್ದವು. ದಾರಿಯಲ್ಲಿ ಬಹಳ ಮಂದಿ ಮುಖಕ್ಕೆ ಮಾಸ್ಕ್ ಹಾಕಿ ಸೀನುತ್ತಿದ್ದರು. ನೆಗಡಿಯಲ್ಲ, ಸೀಡರ್ ಜಾತಿಯ ಮರಗಳ ಪರಾಗ. ಯುದ್ಧದಲ್ಲಿ ಸುಟ್ಟ ಊರುಗಳನ್ನು ಮತ್ತೆ ಕಟ್ಟಲು ಮರ ಬೇಕೆಂದು, ಬೋಳಾದ ಬೆಟ್ಟಗಳ ಮೇಲೆಲ್ಲ ಅದೊಂದೇ ಜಾತಿಯನ್ನು ನೆಟ್ಟರಂತೆ. ಆ ಮರಗಳು ಬೆಳೆದು, ಈಗ ಪ್ರತಿ ವಸಂತದಲ್ಲೂ ಮೂರನೆಯ ತಲೆಮಾರಿನ ಮಕ್ಕಳ ಕಣ್ಣು ಕೆಂಪಾಗುತ್ತದೆ. ಕ್ಯಾಲೆಂಡರಿನಲ್ಲಿ ಕಾಣದ ವಸಂತ ಇದು.

ಈಗ ಹೂವಿನ ಚರಿತ್ರೆಗೆ ಬರೋಣ. ಜಪಾನೀಯರು ಸಕುರ ಎಂದು ಕರೆಯುವ ಈ ಚೆರಿಮರವನ್ನು ಹಣ್ಣಿಗಾಗಿ ಬೆಳೆಸುವುದಲ್ಲ, ಹೂವಿಗಾಗಿ. ಎಂಟನೆಯ ಶತಮಾನದಲ್ಲಿ ನಾರಾ ನಗರ ರಾಜಧಾನಿಯಾಗಿದ್ದಾಗ ಅರಮನೆಯವರ ಮೆಚ್ಚಿನ ಹೂವು ಇದಾಗಿರಲಿಲ್ಲ. ಚೀನಾದಿಂದ ಬಂದ ಪ್ಲಮ್ ಹೂವೇ ಆಗ ದೊಡ್ಡಸ್ತಿಕೆ. ಆ ಕಾಲದ ಪದ್ಯಸಂಕಲನ ‘ಮನ್‌ಯೋಶು’ವಿನಲ್ಲಿ ಪ್ಲಮ್ ಹೂವಿನ ಮೇಲೆ ನೂರಕ್ಕೂ ಹೆಚ್ಚು ಪದ್ಯಗಳಿದ್ದರೆ ಚೆರಿಯ ಮೇಲೆ ಇರುವುದು ನಲವತ್ತರ ಆಸುಪಾಸು. ಚೆರಿ ಬೆಟ್ಟದ ಕಾಡುಮರ, ರೈತರ ಮರ. ಬೆಟ್ಟದಲ್ಲಿ ಅದು ಹೂ ಬಿಟ್ಟರೆ ಬತ್ತದ ಬೀಜ ಬಿತ್ತುವ ಕಾಲ ಬಂತೆಂದು ಲೆಕ್ಕ. ‘ಬೀಜ ಬಿತ್ತುವ ಚೆರಿ’ ಎಂದೇ ಹೆಸರಾದ ಮರಗಳು ಅಲ್ಲಿನ ಹಳ್ಳಿಗಳಲ್ಲಿ ಇವತ್ತಿಗೂ ಇವೆ. ನಮ್ಮ ಹಿರಿಯರು ಮಳೆ ನಕ್ಷತ್ರಗಳನ್ನು ಎಣಿಸಿದಂತೆ ಅವರು ಹೂವನ್ನು ನೋಡಿದರು.

ರಾಜಧಾನಿ ಕ್ಯೋಟೊಗೆ ಬಂದ ಮೇಲೆ, 812ರಲ್ಲಿ ಸಾಗಾ ಚಕ್ರವರ್ತಿ ಶಿನ್‌ಸೆನ್‌ಎನ್ ಎಂಬ ಉದ್ಯಾನದಲ್ಲಿ ಹೂ ನೋಡುವ ಕೂಟ ನಡೆಸಿದನೆಂದು ಅರಮನೆಯ ಚರಿತ್ರೆಯಲ್ಲಿ ದಾಖಲೆಯಿದೆ. ಅದೇ ಶತಮಾನದಲ್ಲಿ ಅರಮನೆಯ ಮುಖ್ಯ ಮಂದಿರದೆದುರು ಇದ್ದ ಪ್ಲಮ್ ಮರದ ಜಾಗಕ್ಕೆ ಚೆರಿಮರ ಬಂತು. ಚೀನಾದ ಅಭಿರುಚಿಯ ಜಾಗದಲ್ಲಿ ತಮ್ಮ ನೆಲದ್ದನ್ನು ಕೂರಿಸಿದ ಕಾಲ ಅದು. ಅಕ್ಷರದ ವಿಷಯದಲ್ಲೂ ಹೀಗೇ ಆಯಿತು. ಗಂಡಸರು ಚೀನಾದ ಕಠಿಣ ಲಿಪಿಯಲ್ಲಿ ಸರಕಾರದ ಕಾಗದ ಬರೆಯುತ್ತಿದ್ದಾಗ, ಹೆಂಗಸರು ಆಡುವ ಮಾತನ್ನೇ ಬರೆಯಲು ಬರುವ ಸರಳ ಲಿಪಿಯನ್ನು ಬಳಸಿದರು. ಅದಕ್ಕೆ ‘ಹೆಂಗಸರ ಕೈಬರಹ’ ಎಂದೇ ಹೆಸರಾಯಿತು. ಸಾವಿರ ವರ್ಷದ ಹಿಂದೆ ಆ ಕೈಬರಹದಲ್ಲೇ ಮುರಸಾಕಿ ಶಿಕಿಬು ‘ಗೆಂಜಿಯ ಕಥೆ’ ಬರೆದಳು. ಅದರ ಒಂದು ಅಧ್ಯಾಯಕ್ಕೆ ಹೂವಿನ ಔತಣವೆಂದೇ ಹೆಸರು. ಅವಳ ಸಮಕಾಲೀನಳಾದ ಸೇಯ್ ಶೊನಾಗೋನ್ ತನ್ನ ‘ದಿಂಬಿನ ಪುಸ್ತಕ’ವನ್ನು ಆರಂಭಿಸುವುದೇ ವಸಂತದ ಮಾತಿನಿಂದ. ಇಬ್ಬರ ನಿಜವಾದ ಹೆಸರೂ ನಮಗೆ ಉಳಿದಿಲ್ಲ. ತಂದೆಯ, ಬಂಧುಗಳ ಹುದ್ದೆಯಿಂದ ಬಂದ ಕರೆಯುವ ಹೆಸರುಗಳೇ ಅವು. ಹೆಸರು ಬರೆದಿಡಲು ಯೋಗ್ಯರೆನಿಸದ ಹೆಂಗಸರು ಬರೆದದ್ದನ್ನೇ ಇಂದು ಜಪಾನಿನ ಶಾಲಾ ಮಕ್ಕಳೆಲ್ಲ ಓದುತ್ತಾರೆ.

ಅರಮನೆಯವರು, ಮಠದ ಸನ್ಯಾಸಿಗಳು ತಮ್ಮ ದಿನಚರಿಯಲ್ಲಿ ‘ಇಂದು ಹೂ ನೋಡಿದೆವು’ ಎಂದು ಬರೆದಿಟ್ಟದ್ದು ಇನ್ನೊಂದು ಕೆಲಸಕ್ಕೂ ಬಂತು. ಒಸಾಕಾದ ವಿಜ್ಞಾನಿ ಯಾಸುಯುಕಿ ಅವೋನೊ ಅವರು ಇಂಥ ದಾಖಲೆಗಳನ್ನೆಲ್ಲ ಕಲೆಹಾಕಿ, ಕ್ಯೋಟೊದಲ್ಲಿ ಹೂವು ತುಂಬಿ ಅರಳಿದ ದಿನಗಳನ್ನು ಸುಮಾರು 1,200 ವರ್ಷದಷ್ಟು ಹಿಂದಕ್ಕೆ ಜೋಡಿಸಿದರು. 2021ರಲ್ಲಿ ಅದು ಅರಳಿದ್ದು ಮಾರ್ಚ್ 26ರಂದು. ಆ ಉದ್ದದ ಪಟ್ಟಿಯಲ್ಲಿ ಅದಕ್ಕಿಂತ ಬೇಗ ಅರಳಿದ ದಾಖಲೆಯೇ ಇರಲಿಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬುದಕ್ಕೆ ಹಳೆಯ ದಿನಚರಿಗಳು ಸಾಕ್ಷಿ ನುಡಿದವು.

ದೊರೆಗಳ ಹೂ ನೋಟದಲ್ಲಿ ಬಹಳ ಹೆಸರಾದದ್ದು 1598ರದು. ಜಪಾನನ್ನೆಲ್ಲ ಒಂದು ಅಂಕೆಗೆ ತಂದಿದ್ದ ತೊಯೊತೊಮಿ ಹಿದೆಯೊಶಿ, ಕ್ಯೋಟೊ ಪಕ್ಕದ ದೈಗೊಜಿ ದೇವಾಲಯದ ಗುಡ್ಡದಲ್ಲಿ ಸುಮಾರು 700 ಚೆರಿಮರಗಳನ್ನು ತಂದು ನೆಡಿಸಿ, 1,300 ಮಂದಿಯನ್ನು ಕರೆದ. ಬಂದವರಲ್ಲಿ ಬಹುಪಾಲು ಹೆಂಗಸರು. ಒಬ್ಬೊಬ್ಬರಿಗೂ ಮೂರು ಜೊತೆ ಉಡುಪು ಕೊಟ್ಟರೆಂದು ಹೇಳುತ್ತಾರೆ. ದೊರೆಯ ಕೈಯಿಂದ ಮದ್ಯದ ಬಟ್ಟಲು ಮೊದಲು ಯಾರು ತೆಗೆದುಕೊಳ್ಳಬೇಕೆಂದು ಅವನ ಇಬ್ಬರು ಉಪಪತ್ನಿಯರ ನಡುವೆ ಜಗಳವಾಗಿ, ಹಿರಿಯ ಹೆಂಗಸೊಬ್ಬಳು ಜಾಣತನದಿಂದ ಬಿಡಿಸಿದಳಂತೆ. ಮದುವೆಮನೆಯಲ್ಲಿ ಇಂಥ ಬಿಕ್ಕಟ್ಟನ್ನು ಬಿಡಿಸಿದ ಅತ್ತೆಯೋ ದೊಡ್ಡಮ್ಮನೋ ನಮ್ಮೆಲ್ಲರ ಮನೆತನದಲ್ಲೂ ಇರುತ್ತಾರೆ! ಆದರೆ ಅದೇ ವಸಂತದಲ್ಲಿ ಹಿದೆಯೊಶಿಯ ಸೈನ್ಯ ಸಮುದ್ರದಾಚೆ ಕೊರಿಯಾದಲ್ಲಿ ಊರುಗಳನ್ನು ಸುಡುತ್ತಿತ್ತು. 1592ರಲ್ಲಿ ಆರಂಭವಾದ ಆ ದಂಡಯಾತ್ರೆ ನಿಂತದ್ದು ಅವನು ಸತ್ತ ಮೇಲೆ, ಅದೇ ವರ್ಷದ ಕೊನೆಗೆ. ಹೂವಿಗೂ ಯುದ್ಧಕ್ಕೂ ನೆರೆಹೊರೆ ಹೊಸದಲ್ಲ.

ಸಾಮಾನ್ಯ ಜನರ ಕೈಗೆ ಹೂವು ಸಿಕ್ಕಿದ್ದು ಎದೊ ಕಾಲದಲ್ಲಿ. ಈಗಿನ ಟೋಕಿಯೊಗೆ ಆಗ ಎದೊ ಎಂದು ಹೆಸರು. ತೊಕುಗಾವಾ ಮನೆತನದ ಎಂಟನೆಯ ಶೋಗನ್ ಯೊಶಿಮುನೆ 1720-21ರಲ್ಲಿ ಊರ ಹೊರಗಿನ ಅಸುಕಾಯಾಮಾ ಎಂಬ ಗುಡ್ಡದಲ್ಲಿ 1,270 ಚೆರಿ ಸಸಿಗಳನ್ನು ನೆಡಿಸಿ ಜನರಿಗೆ ಬಿಟ್ಟುಕೊಟ್ಟ. ಸುಮಿದಾ ನದಿಯ ದಂಡೆಯಲ್ಲೂ ಮರ ನೆಡಿಸಿದ. ಉಯೆನೊದ ದೇವಾಲಯದ ತೋಪಿನಲ್ಲಿ ಹಾಡುವುದು ಕುಡಿಯುವುದು ಕೂಡದು ಎಂಬ ಕಟ್ಟುಪಾಡಿತ್ತು. ಅಸುಕಾಯಾಮಾದಲ್ಲಿ ಆ ತಡೆ ಇರಲಿಲ್ಲ. ಹೂ ನೋಡಲು ಹೊರಟ ಹೆಂಗಸರು ಹೊಸ ಉಡುಪು ಹೊಲಿಸಿಕೊಳ್ಳುತ್ತಿದ್ದರು. ಮರದಿಂದ ಮರಕ್ಕೆ ಹಗ್ಗ ಕಟ್ಟಿ, ತಮ್ಮ ಚೆಂದದ ನಿಲುವಂಗಿಗಳನ್ನೇ ಅದರ ಮೇಲೆ ಹರಡಿ ಮರೆ ಮಾಡಿಕೊಂಡು ಒಳಗೆ ಕೂತು ಊಟ ಮಾಡುವುದು ರೂಢಿಯಾಯಿತು. ವರ್ಷವಿಡೀ ಮನೆಯೊಳಗೆ ದುಡಿಯುವವರಿಗೆ ಒಂದು ದಿನ, ಬಟ್ಟೆಯ ಗೋಡೆಯ ಸ್ವಂತ ಮನೆ.

ತಿಂಡಿಯ ಕತೆಯನ್ನೂ ಹೇಳಬೇಕು. ಸುಮಿದಾ ದಂಡೆಯ ಚೋಮೇಯ್‌ಜಿ ದೇವಾಲಯದ ಬಾಗಿಲು ಕಾಯುವವನಿಗೆ ಉದುರಿದ ಚೆರಿ ಎಲೆ ಗುಡಿಸಿ ಗುಡಿಸಿ ಸಾಕಾಗಿ, ಆ ಎಲೆಗಳನ್ನೇ ಉಪ್ಪಿನಲ್ಲಿ ಹಾಕಿಟ್ಟು, ಸಿಹಿಹೂರಣದ ಕಡುಬಿಗೆ ಸುತ್ತಿ ಮಾರಿದನಂತೆ. 1717ರ ಮಾತು. ಸಕುರ ಮೋಚಿ ಎಂಬ ಆ ತಿಂಡಿಯನ್ನು ಅಲ್ಲೇ ಇವತ್ತಿಗೂ ಮಾಡುತ್ತಾರೆ. ಉಪ್ಪೆಲೆಯ ಪರಿಮಳ, ಒಳಗೆ ಕೆಂಪು ಕಾಳಿನ ಹೂರಣ. ನಾನಂತೂ ಎಲೆಯನ್ನೂ ಬಿಡದೆ ತಿಂದೆ.

ಮಗಳ ಮನೆಯಿಂದ ಅಸುಕಾಯಾಮಾಕ್ಕೆ ಟ್ರಾಮಿನಲ್ಲಿ ಹೋಗಬಹುದಿತ್ತು. ಏಪ್ರಿಲ್ 4ಕ್ಕೆ ಹೂವು ತುಂಬಿತೆಂದು ಘೋಷಣೆಯಾಯಿತು. ಆ ಭಾನುವಾರ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ನಾವೂ ಹೋದೆವು. ನೀಲಿ ಪ್ಲಾಸ್ಟಿಕ್ ಹಾಸು, ಅದರಂಚಿನಲ್ಲಿ ಸಾಲಾಗಿ ಬಿಟ್ಟ ಚಪ್ಪಲಿಗಳು, ಮಗು ಮಲಗಿಸಿಕೊಂಡ ತಾಯಂದಿರು, ಗಾಲಿಕುರ್ಚಿಯಲ್ಲಿ ಬಂದ ಮುದುಕರು. ಎದ್ದು ಹೋಗುವಾಗ ಎಲ್ಲರೂ ತಮ್ಮ ಕಸವನ್ನು ಚೀಲಕ್ಕೆ ತುಂಬಿಕೊಂಡು ಹೋದರು. ಮುನ್ನೂರು ವರ್ಷದ ಹಿಂದೆ ದೊರೆ ಜನರಿಗೆ ಬಿಟ್ಟುಕೊಟ್ಟ ಗುಡ್ಡ ಇನ್ನೂ ಜನರದೇ ಆಗಿದೆ ಎಂಬುದೇ ನನಗೆ ಹೂವಿಗಿಂತ ಹೆಚ್ಚು ಹಿಡಿಸಿತು.

ಸುಗಾಮೊ ಬಳಿಯೇ ಸೊಮೇಯ್ ಎಂಬ ಹಳ್ಳಿಯಿತ್ತು, ತೋಟಗಾರರ ಹಳ್ಳಿ. ಎದೊ ಕಾಲದ ಕೊನೆಗೆ ಅಲ್ಲಿಯ ತೋಟಗಾರರು ಒಂದು ಹೊಸ ಚೆರಿಯನ್ನು ಮಾರಲು ಆರಂಭಿಸಿದರು. ಎಲೆ ಚಿಗುರುವ ಮೊದಲೇ ಮರದ ತುಂಬ ಹೂವು, ಹತ್ತೇ ವರ್ಷದಲ್ಲಿ ದೊಡ್ಡ ಮರ. ಸೊಮೇಯ್ ಯೊಶಿನೊ ಎಂದು ಅದರ ಹೆಸರು. ಇಂದು ಜಪಾನಿನಲ್ಲಿ ಎಲ್ಲಿ ನೋಡಿದರೂ ಕಾಣುವುದು ಇದೇ. ಇದು ಬೀಜದಿಂದ ಮುಂದುವರಿಯುವುದಿಲ್ಲ, ಕಸಿ ಮಾಡಿಯೇ ಬೆಳೆಸಬೇಕು. ಹಾಗಾಗಿ ದೇಶದ ತುಂಬ ಇರುವ ಲಕ್ಷಾಂತರ ಮರಗಳು ವಂಶವಾಹಿಯ ಲೆಕ್ಕದಲ್ಲಿ ಒಂದೇ ಮರ. ಒಂದೇ ಊರಿನಲ್ಲಿ ಎಲ್ಲವೂ ಒಟ್ಟಿಗೆ ಅರಳುವುದು, ಒಟ್ಟಿಗೆ ಉದುರುವುದು ಇದರಿಂದಲೇ. ಹಳೆಯ ಕಾಲದಲ್ಲಿ ಬೇರೆಬೇರೆ ಜಾತಿಯ ಚೆರಿಗಳು ಒಂದಾದ ಮೇಲೊಂದು ತಿಂಗಳುಗಟ್ಟಲೆ ಅರಳುತ್ತಿದ್ದವು. ಎಲ್ಲರೂ ಒಂದೇ ದಿನ ಅರಳಿ ಒಂದೇ ದಿನ ಉದುರಬೇಕೆಂಬ ಶಿಸ್ತು ಈ ಕಸಿಯ ಮರದೊಡನೆ ಬಂತು. ಆ ಶಿಸ್ತು ಮುಂದೆ ಯಾರಿಗೆ ಬೇಕಾಯಿತು ಎಂಬುದೇ ಕತೆಯ ಕಹಿ ಭಾಗ.

1868ರಲ್ಲಿ ಮೇಜಿ ಆಳ್ವಿಕೆ ಬಂತು. 1872ರಲ್ಲಿ ಹೊಸ ಶಿಕ್ಷಣ ವ್ಯವಸ್ಥೆ ಜಾರಿಯಾಯಿತು. ಗಂಡು ಹೆಣ್ಣು ಎನ್ನದೆ ಎಲ್ಲ ಮಕ್ಕಳೂ ಓದಬೇಕೆಂದು ಸರಕಾರ ಹೇಳಿತು. ಮರುವರ್ಷದ ಲೆಕ್ಕದಲ್ಲಿ ಶಾಲೆಗೆ ಬಂದ ಗಂಡುಮಕ್ಕಳು ನೂರಕ್ಕೆ ಸುಮಾರು 40, ಹೆಣ್ಣುಮಕ್ಕಳು ಬರೀ 15. ಮಗುವನ್ನು ನೋಡಿಕೊಳ್ಳಲು, ಬತ್ತ ನಾಟಿಗೆ, ರೇಷ್ಮೆ ಹುಳುವಿಗೆ ಹುಡುಗಿಯರು ಬೇಕಲ್ಲ! ಆದರೂ 1910ರ ಹೊತ್ತಿಗೆ ಹೆಣ್ಣುಮಕ್ಕಳ ಪ್ರಮಾಣವೂ ನೂರಕ್ಕೆ 95 ದಾಟಿತು. 1889ರಲ್ಲಿ ಯಾಮಗಾತಾ ಪ್ರಾಂತ್ಯದ ತ್ಸುರುಒಕಾ ಊರಿನ ದೇವಾಲಯದ ಶಾಲೆಯೊಂದು ಬಡಮಕ್ಕಳಿಗೆ ಅನ್ನದ ಉಂಡೆ, ಉಪ್ಪುಮೀನು ಕೊಟ್ಟದ್ದೇ ಅಲ್ಲಿನ ಬಿಸಿಯೂಟದ ಮೊದಲು.

ಶಾಲೆಗೂ ಚೆರಿ ಹೂವಿಗೂ ನಂಟು ಬಿದ್ದದ್ದು ಹೇಗೆ ಗೊತ್ತೇ? ಕವಿಗಳಿಂದಲ್ಲ, ಲೆಕ್ಕಪತ್ರದ ಗುಮಾಸ್ತರಿಂದ. 1886ರಲ್ಲಿ ಸರಕಾರದ ಹಣಕಾಸಿನ ವರ್ಷ ಏಪ್ರಿಲ್‌ಗೆ ಬದಲಾಯಿತು. ಶಾಲೆಗಳೂ ಒಂದೊಂದಾಗಿ ಅದನ್ನೇ ಹಿಡಿದವು. ಟೋಕಿಯೊ ವಿಶ್ವವಿದ್ಯಾಲಯ ಸೆಪ್ಟೆಂಬರ್ ಬಿಟ್ಟು ಏಪ್ರಿಲ್‌ಗೆ ಬಂದದ್ದು 1921ರಲ್ಲಿ. ಇದೇ ಕಾಲಕ್ಕೆ ಶಾಲೆಯ ಅಂಗಳ, ಸೈನ್ಯದ ಮೈದಾನ, ನದೀದಂಡೆ ಎಲ್ಲೆಲ್ಲೂ ಸೊಮೇಯ್ ಯೊಶಿನೊ ನೆಟ್ಟರು. ಹೀಗಾಗಿ ಮಗು ಮೊದಲ ಸಲ ಶಾಲೆಯ ಬಾಗಿಲು ದಾಟುವಾಗ ತಲೆಯ ಮೇಲೆ ಹೂವು.

ಮಗುವಿನ ಬೆನ್ನ ಮೇಲಿನ ಚೀಲಕ್ಕೂ ಚರಿತ್ರೆಯಿದೆ. ಒಂದನೇ ತರಗತಿಗೆ ಸೇರುವ ಮಗುವಿಗೆ ಅಜ್ಜ ಅಜ್ಜಿ ‘ರಂದೊಸೆರು’ ಎಂಬ ಗಟ್ಟಿ ಚೀಲ ಕೊಡಿಸುವ ರೂಢಿ ಅಲ್ಲಿದೆ. ಬೆಲೆ ಸುಮಾರು 60,000 ಯೆನ್ ಎಂದು ಮಗಳು ಫೋನಿನಲ್ಲಿ ಹೇಳಿದಾಗ, “ಇದರಲ್ಲಿ ನಮ್ಮ ಇಡೀ ತರಗತಿಗೆ ಚೀಲ ಬರುತ್ತಲ್ಲೇ!” ಎಂದೆ. “ಆರು ವರ್ಷ ಬರುತ್ತೆ ಅಮ್ಮಾ, ಒಂದೇ ಸಲ ಕೊಡೋದು” ಎಂದಳು. ಕೊಡಿಸಿದೆ. ಆ ಹೆಸರು ಡಚ್ಚರ ಭಾಷೆಯಲ್ಲಿ ಸೈನಿಕರ ಬೆನ್ನುಚೀಲಕ್ಕಿರುವ ಪದದಿಂದ ಬಂದದ್ದು. 1887ರಲ್ಲಿ ಪ್ರಧಾನಿ ಇತೊ ಹಿರೊಬುಮಿ ಯುವರಾಜನ ಶಾಲಾಪ್ರವೇಶಕ್ಕೆ ಉಡುಗೊರೆ ಕೊಟ್ಟ ಮೇಲೆ ಅದು ಮಕ್ಕಳ ಚೀಲವಾಯಿತು.

ಚೀಲ ಸೈನ್ಯದಿಂದ ಶಾಲೆಗೆ ಬಂತು. ಮಕ್ಕಳನ್ನು ಶಾಲೆಯಿಂದ ಸೈನ್ಯಕ್ಕೆ ಕರೆದೊಯ್ಯಲು ಹೂವನ್ನು ಬಳಸಿಕೊಂಡರು. ನೌಕಾಪಡೆಯ ಗುಂಡಿಗಳ ಮೇಲೆ ಲಂಗರಿನ ಜೊತೆ ಚೆರಿ ಹೂವು ಮೂಡಿತು. ಒಟ್ಟಿಗೆ ಅರಳಿ ಒಟ್ಟಿಗೆ ಉದುರುವ ಹೂವಿನಂತೆ ಚಕ್ರವರ್ತಿಗಾಗಿ ಸಾಯುವುದೇ ಚೆಂದ ಎಂಬ ಮಾತು ಹಾಡಿನಲ್ಲಿ, ಭಾಷಣದಲ್ಲಿ ಬಂತು. ಸತ್ತವರು ಯಾಸುಕುನಿ ಗುಡಿಯಲ್ಲಿ ಹೂವಾಗಿ ಅರಳುತ್ತಾರೆ ಎಂದರು. ಯುದ್ಧಗಳಲ್ಲಿ ಮಡಿದ 24 ಲಕ್ಷಕ್ಕೂ ಹೆಚ್ಚು ಮಂದಿಯನ್ನು ದೇವರೆಂದು ಪೂಜಿಸುವ ಗುಡಿ ಅದು. 1978ರಲ್ಲಿ 14 ಪ್ರಮುಖ ಯುದ್ಧಾಪರಾಧಿಗಳನ್ನೂ ಅಲ್ಲಿ ಸೇರಿಸಿದ್ದರಿಂದ ಚೀನಾ, ಕೊರಿಯಾದವರಿಗೆ ಆ ಹೆಸರೇ ನೋವು. ಟೋಕಿಯೊಗೆ ವಸಂತ ಬಂತೆಂದು ಹೇಳುವ ಮರ ನಿಂತಿರುವುದು ಅಲ್ಲಿ.

ಶಿಕ್ಷಕಿಯಾಗಿ ನನ್ನನ್ನು ಹೆಚ್ಚು ಕಾಡಿದ್ದು 1933ರ ಪಠ್ಯಪುಸ್ತಕ. ಆ ವರ್ಷ ಬಂದ ಒಂದನೇ ತರಗತಿಯ ಭಾಷಾಪುಸ್ತಕಕ್ಕೆ ಜನ ‘ಸಕುರ ವಾಚಕ’ ಎಂದೇ ಹೆಸರಿಟ್ಟರು. ಬಣ್ಣದ ಚಿತ್ರಗಳ ಚೆಂದದ ಪುಸ್ತಕ. ಮೊದಲ ಪುಟದಲ್ಲಿ ಚೆರಿ ಅರಳಿದ ಸಂತೋಷ. ಮುಂದೆ ನಾಯಿಮರಿಯನ್ನು ಕರೆಯುವ ಪಾಠ. ಅದರ ಮುಂದೆ, ಹೆಜ್ಜೆ ಹಾಕಿ ಮುನ್ನಡೆಯಿರಿ ಎಂದು ಸೈನಿಕರಿಗೆ ಹೇಳುವ ಪಾಠ. ಆರು ವರ್ಷದ ಮಗುವಿಗೆ ಹೂವು, ನಾಯಿಮರಿ, ಸಿಪಾಯಿ ಒಂದೇ ಉಸಿರಿನಲ್ಲಿ! ಅದನ್ನು ಹೇಳಿಕೊಟ್ಟ ಶಿಕ್ಷಕ ಶಿಕ್ಷಕಿಯರು ಕ್ರೂರಿಗಳಾಗಿದ್ದರೆಂದು ನಾನು ಭಾವಿಸಲಾರೆ. ಉಚ್ಚಾರ ತಿದ್ದಿ, ಕೈ ಹಿಡಿದು ಬರೆಸಿ, ಚೆನ್ನಾಗಿ ಓದಿದವರ ಬೆನ್ನು ತಟ್ಟಿರಬೇಕು. ನಾವೆಲ್ಲ ಮಾಡುವ ಹಾಗೆ. ಆ ಪುಸ್ತಕ ಓದಿದ ಹುಡುಗರಿಗೆ ಹನ್ನೆರಡು ವರ್ಷದ ನಂತರ ಹದಿನೆಂಟು ತುಂಬಿತ್ತು. ಅದು 1945.

ಆ ವರ್ಷದ ಮಾರ್ಚ್‌ನಲ್ಲಿ ನೌಕಾಪಡೆ ಒಂದು ಹೊಸ ಆಯುಧವನ್ನು ಯುದ್ಧಕ್ಕಿಳಿಸಿತು. ದೊಡ್ಡ ವಿಮಾನದ ಹೊಟ್ಟೆಗೆ ಕಟ್ಟಿದ, 1,200 ಕಿಲೋ ಸಿಡಿಮದ್ದಿನ ಸಣ್ಣ ರಾಕೆಟ್ ವಿಮಾನ. ಅದರೊಳಗೆ ಒಬ್ಬ ಹುಡುಗ ಕೂರಬೇಕು, ಹಡಗಿಗೆ ಗುರಿಯಿಟ್ಟು ಅಪ್ಪಳಿಸಬೇಕು, ಮರಳುವ ಮಾತಿಲ್ಲ. ಅದಕ್ಕಿಟ್ಟ ಹೆಸರು ‘ಓಕಾ’, ಎಂದರೆ ಚೆರಿ ಹೂವು. ಏಪ್ರಿಲ್‌ನಲ್ಲಿ ಕ್ಯೂಶೂ ದ್ವೀಪದ ಚಿರಾನ್ ಎಂಬಲ್ಲಿ ತೆಗೆದ ಒಂದು ಚಿತ್ರವಿದೆ: ಆತ್ಮಾಹುತಿಗೆ ಹೊರಟ ವಿಮಾನಕ್ಕೆ ಪ್ರೌಢಶಾಲೆಯ ಹುಡುಗಿಯರು ಸಾಲಾಗಿ ನಿಂತು ಚೆರಿ ಕೊಂಬೆ ಬೀಸುತ್ತಿದ್ದಾರೆ. ಆ ಹುಡುಗಿಯರಿಗೆ ಪೈಲಟ್‌ಗಳ ಬಟ್ಟೆ ಒಗೆಯುವ, ಹೊಲಿಯುವ ಕೆಲಸ ಹಚ್ಚಿದ್ದರು. ನನ್ನ ತರಗತಿಯ ಮೊದಲ ಬೆಂಚಿನಲ್ಲಿ ಕೂರುವ ಹುಡುಗಿಯರ ವಯಸ್ಸೇ ಅವರದು.

ಮಗಳ ಪಕ್ಕದ ಮನೆಯಲ್ಲಿ ತೊಂಬತ್ತು ವರ್ಷದ ಅಜ್ಜಿಯೊಬ್ಬರಿದ್ದರು. ಬೆಳಿಗ್ಗೆ ಬಾಗಿಲ ಮುಂದೆ ಗುಡಿಸುವಾಗ ನಮ್ಮ ಬಾಗಿಲನ್ನೂ ಸೇರಿಸಿ ಗುಡಿಸುತ್ತಿದ್ದರು. ನಾನೂ ಶಾಲೆಯವಳು ಎಂದು ತಿಳಿದ ಮೇಲೆ ಒಂದು ಮಧ್ಯಾಹ್ನ ಚಹಾಕ್ಕೆ ಕರೆದರು. ಮಗಳು ನಡುವೆ ಕೂತು ಕನ್ನಡಕ್ಕೆ ತಿರುಗಿಸುತ್ತಿದ್ದಳು. ಅವರು 1940ರಲ್ಲಿ ಅದೇ ಸಕುರ ವಾಚಕದಿಂದ ಅಕ್ಷರ ಕಲಿತವರು. ಪಾಠಗಳ ಅನುಕ್ರಮ ಇನ್ನೂ ಬಾಯಲ್ಲಿತ್ತು. ಮನೆ ಸುಮಿದಾ ನದಿಯ ಹತ್ತಿರ. ಬಾಂಬಿನ ಭಯಕ್ಕೆ 1944ರಲ್ಲಿ ಶಾಲೆಯ ಮಕ್ಕಳನ್ನೆಲ್ಲ ಹಳ್ಳಿಗಳಿಗೆ ಸಾಗಿಸಿದಾಗ ಅವರನ್ನೂ ಒಂದು ತರಗತಿ ಮುಂದಿದ್ದ ಅಕ್ಕನನ್ನೂ ಬೆಟ್ಟದ ಊರಿನ ದೇವಾಲಯಕ್ಕೆ ಕಳಿಸಿದರಂತೆ. 1945ರ ಮಾರ್ಚ್ ಮೊದಲಿಗೆ ಆರನೇ ತರಗತಿಯವರನ್ನು ಮಾತ್ರ ಟೋಕಿಯೊಗೆ ಮರಳಿ ಕರೆತಂದರು, ಬೀಳ್ಕೊಡುಗೆ ಸಮಾರಂಭಕ್ಕೆಂದು. ಮಾರ್ಚ್ 10ರ ನಡುರಾತ್ರಿ ಅಮೆರಿಕದ ವಿಮಾನಗಳು ನದಿಯ ಎರಡೂ ದಂಡೆಗೆ ಬೆಂಕಿ ಸುರಿದವು. ಒಂದೇ ರಾತ್ರಿ ಸತ್ತವರು ಸುಮಾರು ಒಂದು ಲಕ್ಷ. ಅಮ್ಮ ಕಿರಿಯ ಮಗನನ್ನು ಕಟ್ಟಿಕೊಂಡು ಓಡಿದಳು. ಅಕ್ಕನ ಕೈ ತಪ್ಪಿತು. “ಶಾಲೆ ಕರೆಯದಿದ್ದರೆ ಅಕ್ಕ ಬೆಟ್ಟದಲ್ಲೇ ಇರುತ್ತಿದ್ದಳು” ಎಂದು ಹೇಳಿ ಆ ಅಜ್ಜಿ ನನ್ನ ಬಟ್ಟಲಿಗೆ ಮತ್ತೆ ಚಹಾ ಬಗ್ಗಿಸಿದರು. ಮಗಳು ಅದನ್ನು ಕನ್ನಡದಲ್ಲಿ ಹೇಳಿ ಸುಮ್ಮನಾದಳು.

ಯುದ್ಧ ಆಗಸ್ಟಿನಲ್ಲಿ ಮುಗಿಯಿತು. ಹೊಸ ಪುಸ್ತಕ ಅಚ್ಚು ಹಾಕಲು ಕಾಗದವಿರಲಿಲ್ಲ. ಆ ಶರತ್ಕಾಲ ದೇಶದ ಎಲ್ಲ ತರಗತಿಗಳಲ್ಲೂ ಶಿಕ್ಷಕರು ಮಕ್ಕಳಿಗೆ ಕುಂಚ, ಮಸಿ ತೆಗೆಯಲು ಹೇಳಿದರು. ಇಂಥ ಪುಟ, ಇಷ್ಟನೇ ಸಾಲಿನಿಂದ ಇಷ್ಟನೇ ಸಾಲಿನವರೆಗೆ ಕಪ್ಪು ಬಳಿಯಿರಿ. ಯುದ್ಧವನ್ನು ಹೊಗಳಿದ್ದೆಲ್ಲ ಹೋಗಬೇಕು. ನಿನ್ನೆಯವರೆಗೆ ಬಾಯಿಪಾಠ ಮಾಡಿಸಿದ್ದನ್ನು ಅದೇ ಶಿಕ್ಷಕರು ಅಳಿಸಲು ಹೇಳಿದರು. ಒಬ್ಬ ಮೇಷ್ಟ್ರು ಕಾರಣ ಕೇಳಿದ ಹುಡುಗನಿಗೆ ಉತ್ತರ ಕೊಡದೆ ಕಿಟಕಿಯ ಕಡೆ ತಿರುಗಿ ನಿಂತರಂತೆ. “ಕಾಗದ ತೆಳ್ಳಗಿತ್ತು. ಬಿಸಿಲಿಗೆ ಹಿಡಿದರೆ ಮಸಿಯ ಅಡಿಯ ಅಕ್ಷರ ಕಾಣುತ್ತಿತ್ತು” ಎಂದರು ಅಜ್ಜಿ.

ಮುಂದಿನ ವಸಂತ, 1946ರ ಏಪ್ರಿಲ್ 10. ಅಂದು ಜಪಾನಿನ ಹೆಂಗಸರು ಮೊದಲ ಸಲ ಮತ ಹಾಕಿದರು. ಇಚಿಕಾವಾ ಫುಸಾಯೆ ಮೊದಲಾದವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕೇಳಿದ್ದ ಹಕ್ಕು. ಫುಸಾಯೆ ಅವರ ಹೆಸರೇ ಮತದಾರರ ಪಟ್ಟಿಯಲ್ಲಿ ಬಿಟ್ಟುಹೋಗಿ ಅಂದು ಅವರು ಮತ ಹಾಕಲಾಗಲಿಲ್ಲ ಎಂಬುದು ಬೇರೆ ಮಾತು. ಸುಮಾರು 1 ಕೋಟಿ 38 ಲಕ್ಷ ಹೆಂಗಸರು ಮತ ಹಾಕಿದರು. 39 ಹೆಂಗಸರು ಪಾರ್ಲಿಮೆಂಟಿಗೆ ಆರಿಸಿಬಂದರು. ಅಜ್ಜಿಯ ಅಮ್ಮ ತೇಪೆ ಹಾಕಿದ ಷರಾಯಿ ತೊಟ್ಟು, ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು, ಸುಟ್ಟ ಬೀದಿಯಲ್ಲಿ ನಡೆದು ಹೋಗಿ ಮತ ಹಾಕಿ ಬಂದಳಂತೆ. ದಂಡೆಯಲ್ಲಿ ಸುಟ್ಟುಳಿದ ಮರಗಳು ಹೂ ಬಿಟ್ಟರೂ ಅಮ್ಮ ಆ ಕಡೆ ತಿರುಗಿ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷ ಹೂ ನೋಡಲು ಹೋಗದವಳು ಓಟು ಹಾಕುವುದನ್ನು ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ. ಮೊಮ್ಮಗಳು ಶಾಲೆಗೆ ಸೇರಿದ ವರ್ಷ ತಾನಾಗಿಯೇ ಅನ್ನದ ಉಂಡೆ ಕಟ್ಟಿಕೊಂಡು, “ನಡೆಯಿರಿ, ನದಿಗೆ ಹೋಗೋಣ” ಎಂದಳಂತೆ.

ನನ್ನ ಮೊಮ್ಮಗಳ ಶಾಲಾಪ್ರವೇಶ ಯುಗಾದಿಯ ಹಿಂದಿನ ದಿನ ಬಂತು. ಬಾಗಿಲ ಬಳಿ ಚೆರಿಮರದಡಿ ಫೋಟೋ ತೆಗೆಸಿಕೊಳ್ಳಲು ಸಾಲು. ಮಗಳು ರೇಷ್ಮೆ ಸೀರೆ ಉಟ್ಟಿದ್ದಳು, ಕೆಲವು ತಾಯಂದಿರು ಕಿಮೊನೊ. ಆರನೇ ತರಗತಿಯ ಮಕ್ಕಳು ಹೊಸ ಮಕ್ಕಳ ಕೈ ಹಿಡಿದು ಒಳಗೆ ಕರೆತಂದರು. ಹೆಸರು ಕರೆದಾಗ ಒಬ್ಬೊಬ್ಬರೂ “ಹಾಯ್” ಎಂದು ಗಟ್ಟಿಯಾಗಿ ಓಗೊಟ್ಟರು. ನಮ್ಮವಳ ಹೆಸರನ್ನು ಗುರುಗಳು ನಾಲ್ಕು ತುಂಡು ಮಾಡಿ ಕರೆದರು, ಆದರೂ ಓಗೊಟ್ಟಳು. ಎಲ್ಲರಿಗೂ ಪುಸ್ತಕಗಳನ್ನು ಉಚಿತವಾಗಿ ಕೊಟ್ಟರು. ಮನೆಗೆ ಬಂದೊಡನೆ ನಾನು ಮೊದಲು ತೆರೆದದ್ದು ಭಾಷಾಪುಸ್ತಕ. ಮೊದಲ ಪಾಠ, ಎರಡನೇ ಪಾಠ, ಮೂರನೇ ಪಾಠ ಎಂದು ಬೆರಳಿಟ್ಟು ನೋಡಿದೆ. ಬಯಲು, ಮಕ್ಕಳು, ಪ್ರಾಣಿಗಳು. ಸಿಪಾಯಿ ಇರಲಿಲ್ಲ. “ಅಜ್ಜಿ, ನಿಂಗೆ ಓದಕ್ಕೆ ಬರಲ್ಲ, ಏನು ಹುಡುಕ್ತಿದೀಯ?” ಎಂದಳು ಮೊಮ್ಮಗಳು.

ಯುಗಾದಿಯ ದಿನ ಗಾಳಿ, ಮಳೆ. ಬೇವು ಸಿಗದೆ ಮೆಂತ್ಯಕ್ಕೆ ಬೆಲ್ಲ ಸೇರಿಸಿ ತಿಂದೆವು. ಪಕ್ಕದ ಅಜ್ಜಿಗೂ ಕೊಟ್ಟೆವು, ಕಹಿಯೂ ಸಿಹಿಯೂ ಒಟ್ಟಿಗೆ ತಿನ್ನುವ ಹಬ್ಬವೆಂದು ಮಗಳು ವಿವರಿಸಿದಳು. ಅವರು ತಲೆಯಾಡಿಸಿ ಒಂದು ಕಾಳೂ ಬಿಡದೆ ತಿಂದರು.

ಮರುದಿನ ಮೊಮ್ಮಗಳನ್ನು ಬಿಡಲು ಹೋದಾಗ ಶಾಲೆಯಂಗಳವೆಲ್ಲ ಎಸಳು. ದೊಡ್ಡ ಮಕ್ಕಳು ಗುಡಿಸುತ್ತಿದ್ದರು. ಅಲ್ಲಿ ಶಾಲೆ ಗುಡಿಸುವುದು ಮಕ್ಕಳದೇ ಕೆಲಸ. ಬಾಗಿಲ ಪಕ್ಕದ ಮರದ ಕಾಂಡ ಟೊಳ್ಳಾಗಿ, ಊರುಗೋಲು ಕೊಟ್ಟಿದ್ದರು. ಯುದ್ಧದ ನಂತರ ನೆಟ್ಟ ಸೊಮೇಯ್ ಯೊಶಿನೊ ಮರಗಳಿಗೆ ಈಗ ಮುಪ್ಪು. ಹಲವು ಕಡೆ ಅವನ್ನು ಕಡಿದು ಜಿಂದೈ ಅಕೆಬೊನೊ ಎಂಬ ಬೇರೆ ಚೆರಿಯನ್ನು ನೆಡುತ್ತಿದ್ದಾರೆ. ಇದಕ್ಕೂ ಕಸಿಯೇ ಬೇಕು, ಯಾರಾದರೂ ಕೈಯಾರೆ ಮಾಡಬೇಕು. ಮರಕ್ಕೆ ಸ್ವಲ್ಪ ದೂರದಲ್ಲಿ ಆಗಲೇ ಒಂದು ಸಣ್ಣ ಸಸಿ ನೆಟ್ಟು, ಕಡ್ಡಿಗೆ ಕಟ್ಟಿದ್ದರು. ಇನ್ನೂ ಹೂ ಬಿಡುವ ವಯಸ್ಸಲ್ಲ. ಗುಡಿಸುತ್ತಿದ್ದ ಹುಡುಗಿಯೊಬ್ಬಳು ಅದರ ಬುಡಕ್ಕೆ ಬಂದಾಗ ಪೊರಕೆಯನ್ನು ಪಕ್ಕಕ್ಕಿಟ್ಟು, ಎಸಳುಗಳನ್ನು ಕೈಯಿಂದಲೇ ಬಳಿದು ತೆಗೆದಳು.